ಖಾನಾಪುರದ ಮಣ್ಣು, ಇಂಗ್ಲಿಷರ ಬಂಗಲೆ

ಪೀರನವಾಡಿ ಕ್ರಾಸಿನಲ್ಲಿ ರಸ್ತೆ ಎರಡಾಗುತ್ತದೆ: ಒಂದು ಜಾಂಬೋಟಿಗೆ, ಇನ್ನೊಂದು ಖಾನಾಪುರಕ್ಕೆ. ಹಿಂದಿರುಗಿ ಊರ ಕಡೆ ಹೋದರೆ ಬೆಳಗಾವಿ ಕ್ಯಾಂಪ್. ಅಲ್ಲಿನ ಹಳೆಯ ಬಂಗಲೆಗಳನ್ನು ಎಲ್ಲರೂ ‘ಇಂಗ್ಲಿಷರ ಮನೆ’ ಎನ್ನುತ್ತಾರೆ. ನನಗೆ ಅವು ಅರ್ಧ ಮಾತ್ರ ಇಂಗ್ಲಿಷ್.

ಅಸಲು ಇಂಗ್ಲಿಷ್ ಮನೆ ಎಂದರೆ ಇಟ್ಟಿಗೆ ಮನೆ. ಒಂದು ವರಸೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ; ಗೌಂಡಿಗಳು ಇವತ್ತಿಗೂ ಇದನ್ನು ಇಂಗ್ಲಿಷ್ ಬಾಂಡ್ ಎನ್ನುತ್ತಾರೆ. ಗಿಲಾವು ಇಲ್ಲ, ಇಟ್ಟಿಗೆಯ ಮೈಯೇ ಅಂದ. 1859ರಲ್ಲಿ ವಿನ್ಯಾಸಕಾರ ವಿಲಿಯಂ ಮಾರಿಸ್‌ಗಾಗಿ ವಾಸ್ತುಶಿಲ್ಪಿ ಫಿಲಿಪ್ ವೆಬ್ ರೂಪಿಸಿದ ‘ರೆಡ್ ಹೌಸ್’ ಅಂಥದ್ದೇ: ಕೆಂಪು ಗೋಡೆ, ಕಡಿದಾದ ಸೂರು, ಎತ್ತರದ ಚಿಮಣಿ. ಅಲ್ಲಿ ಶತ್ರು ಚಳಿ.

1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷ್ ಸೇನಾನಿ ಮನ್ರೋನ ಪಡೆಯ ಕೈಸೇರಿ, ದಂಡು ನೆಲೆಯೂರಿದ ಮೇಲೆ ಸಾಹೇಬರಿಗೆ ಎದುರಾದದ್ದು ಬೇರೆ ಶತ್ರು: ಜೂನ್‌ನಿಂದ ಬಿಡದೆ ಹೊಡೆಯುವ ಪಡುವಣ ಗಾಳಿಯ ಮಳೆ. ಬರೀ ಇಟ್ಟಿಗೆ ಗೋಡೆ ಅದಕ್ಕೆ ಮುಖ ಕೊಟ್ಟರೆ ಒಳಗೋಡೆಗೂ ತೇವ ಇಳಿಯುತ್ತದೆ. ಹಾಗಾಗಿ ಗೋಡೆಯ ಸುತ್ತ ಪಡಸಾಲೆ ಬಂತು, ಸೂರು ಚಾಚಿಕೊಂಡಿತು. ಗೋಡೆಗೋ, ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಜಂಬಿಟ್ಟಿಗೆ ಕಲ್ಲು ಒದಗಿತು. ನೆಲದಲ್ಲಿದ್ದಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಸೂರಿಗೆ ಹಂಚು; 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಯಂತ್ರದ ಹಂಚು ನಾಡಿನುದ್ದಕ್ಕೂ ಹಬ್ಬಿತು. ಇಟ್ಟಿಗೆ, ಹಂಚು, ಮಡಕೆಗೆ ಹೇಳಿ ಮಾಡಿಸಿದ ಮಣ್ಣು ಖಾನಾಪುರದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಅಲ್ಲೇ ಇರುವುದು ಸುಮ್ಮನೆ ಅಲ್ಲ.

ಈ ಮನೆಗಳಲ್ಲಿ ಇದ್ದವರೆಲ್ಲ ಸಾಹೇಬರೇ ಅಲ್ಲ. 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದು ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ, ಕೋಟೆಯೊಳಗೆ. ಅದನ್ನು ರಾಮಕೃಷ್ಣ ಮಿಷನ್ ಸ್ಮಾರಕವಾಗಿ ಉಳಿಸಿಕೊಂಡಿದೆ. ವಾಸ್ತುಶಿಲ್ಪದ ಪುಸ್ತಕ ಓದುವುದಕ್ಕಿಂತ ಅಲ್ಲಿಗೊಮ್ಮೆ ಹೋಗಿಬರುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಉಳಿದ ಹಳೆಯ ಮನೆಗಳನ್ನು ಕೆಡಿಸುತ್ತಿರುವುದು ಮಳೆಗಿಂತ ಹೆಚ್ಚಾಗಿ ನಮ್ಮ ರಿಪೇರಿ. ಸುಣ್ಣದ ಗಚ್ಚು ಕುಡಿದ ನೀರನ್ನು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಕಲ್ಲನ್ನು ಪುಡಿಮಾಡುತ್ತದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಹಳೆಯ ಗೋಡೆ ಮುಟ್ಟುವವರು ಸಿಮೆಂಟ್ ಚೀಲ ಬದಿಗಿಟ್ಟು, ಸುಣ್ಣದ ಕೆಲಸ ಬಲ್ಲ ಗೌಂಡಿಯನ್ನು ಹುಡುಕಲಿ.