ಬೆರಳು ತುಂಡಾದ ಮೇಲೆ ಹುಟ್ಟಿದ ಸದ್ದು

2024ರ ಮಳೆಗಾಲ. ಆಫೀಸಿಂದ ಬರ್ತಾ ಬೈಕ್ ಜಾರಿ ಬಿದ್ದೆ. ದೊಡ್ಡ ಏಟೇನೂ ಆಗಲಿಲ್ಲ, ಎಡಗೈಯ ಉಂಗುರದ ಬೆರಳು ಮುರೀತು ಅಷ್ಟೆ. ಆರು ವಾರ ಪಟ್ಟಿ. ಬಿಚ್ಚಿದ ಮೇಲೆ ಕೀಬೋರ್ಡ್ ಕುಟ್ಟೋಕೆ ತೊಂದರೆ ಇರಲಿಲ್ಲ. ಆದ್ರೆ ಗಿಟಾರ್ ತಂತಿ ಒತ್ತಿದರೆ ಕಣ್ಣಲ್ಲಿ ನೀರು ಬರ್ತಿತ್ತು.

ಇಂಜಿನಿಯರಿಂಗ್ ಓದುವಾಗ ಟ್ಯೂಷನ್ ಹೇಳಿಕೊಟ್ಟು ಕೊಂಡ ಗಿಟಾರ್ ಅದು. ಮೂರು ತಿಂಗಳು ಮೂಲೇಲಿ ನಿಂತಿತ್ತು. ಶಿವಮೊಗ್ಗದಿಂದ ಬಂದಿದ್ದ ಅಮ್ಮ, “ಧೂಳು ತಿಂತಾ ಕೂತಿದೆ ಕಣೋ, ಯಾರಿಗಾದ್ರೂ ಕೊಟ್ಬಿಡು” ಅಂದ್ರು. ಮಾರಾಟಕ್ಕೆ ಹಾಕೋಣ ಅಂತ ಫೋಟೋ ಕೂಡ ತೆಗೆದೆ. ಅದನ್ನ ನೋಡಿದ ಕಾಲೇಜು ಗೆಳೆಯ, “ಮಾರೋಕೆ ಮುಂಚೆ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಇನ್ನೊಂದ್ಸಲ ಕೇಳು ಮಗಾ. ಅದನ್ನ ನುಡಿಸಿದವನ ಕೈ ಹೇಗಿತ್ತು ಅಂತಾನೂ ಓದು” ಅಂತ ಮೆಸೇಜ್ ಹಾಕಿದ.

ಕೆಲಸದ ಕೊನೆಯ ದಿನ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಆಸ್ಟನ್ ಬಡಾವಣೆಯ ಹುಡುಗ ಟೋನಿ ಐಯೋಮಿ, 17ನೇ ವಯಸ್ಸಿಗೆ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬ್ಯಾಂಡ್ ಒಂದರ ಜೊತೆ ಹೊರಡೋದಿತ್ತು, ಕಾರ್ಖಾನೆಯಲ್ಲಿ ಅದೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ವಾಪಸ್ ಹೋಗೋದು ಬೇಡ ಅಂತಿದ್ದನಂತೆ. ಅಮ್ಮ, ಒಪ್ಪಿಕೊಂಡ ಕೆಲಸ ಸರಿಯಾಗಿ ಮುಗಿಸಿ ಬಾ ಅಂತ ಕಳಿಸಿದರು. ಅವತ್ತು ಯಾರೋ ರಜೆ ಹಾಕಿದ್ದರಿಂದ, ಅಭ್ಯಾಸವೇ ಇಲ್ಲದ ಪ್ರೆಸ್ ಯಂತ್ರಕ್ಕೆ ಇವನನ್ನು ಹಾಕಿದ್ದರು. ಯಂತ್ರ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಬಿಟ್ಟಿತು.

ಟೋನಿ ಎಡಗೈ ಬಳಸುವವನು. ಅಂದ್ರೆ ಗಿಟಾರ್ ತಂತಿ ಒತ್ತಬೇಕಾದ್ದು ಅದೇ ಬಲಗೈ. ಇನ್ನು ನುಡಿಸೋದು ಮರೆತುಬಿಡು ಅಂದರು ಡಾಕ್ಟರುಗಳು. ಕಾರ್ಖಾನೆಯ ಮೇಲ್ವಿಚಾರಕರು ನೋಡೋಕೆ ಬಂದಾಗ ಒಂದು ಗ್ರಾಮಫೋನ್ ತಟ್ಟೆ ತಂದುಕೊಟ್ಟರು. ಬೆಂಕಿ ಅಪಘಾತದಲ್ಲಿ ಎರಡು ಬೆರಳು ಕೆಲಸಕ್ಕೆ ಬಾರದಂತಾದ ಮೇಲೂ ನುಡಿಸಿ ಹೆಸರಾದ ಜಾಂಗೋ ರೈನ್‌ಹಾರ್ಟ್‌ನ ತಟ್ಟೆ ಅದು.

ಟೋನಿ ಪಾತ್ರೆ ತೊಳೆಯೋ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಕೂರುವಂಥ ಟೋಪಿ ಮಾಡಿಕೊಂಡ. ಹಿಡಿತಕ್ಕೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ. ಸುಲಭವಾಗಿ ಒತ್ತೋಕೆ ಬ್ಯಾಂಜೋದ ತೆಳು ತಂತಿ ಕಟ್ಟಿದ.

ಒಂದೇ ದಿನದ ಆಲ್ಬಂ

ಬೀಟಲ್ಸ್ ತಂಡ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಂಗೆ ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಐದು ತಿಂಗಳು ಕಳೆದಿತ್ತು. ರಾಕ್ ಅಂದ್ರೆ ಹೀಗೆ ನಗಾಸು ಮಾಡಿದ ಹಾಗೆ ಇರಬೇಕು ಅನ್ನೋ ಕಾಲ. ಬರ್ಮಿಂಗ್‌ಹ್ಯಾಮಿನ ನಾಲ್ವರ ಬಳಿ ಅಷ್ಟು ದುಡ್ಡೂ ಇಲ್ಲ, ಸಮಯವೂ ಇಲ್ಲ. 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ, ವೇದಿಕೆ ಮೇಲೆ ನುಡಿಸಿದ ಹಾಗೇ ನುಡಿಸಿ, ಒಂದೇ ದಿನದಲ್ಲಿ ಮುಗಿಸಿದರು. ಮಳೆ, ಗಂಟೆಯ ಸದ್ದನ್ನು ಆಮೇಲೆ ಸೇರಿಸಿದ್ದು. 1970ರ ಫೆಬ್ರವರಿ 13, ಶುಕ್ರವಾರ, ‘ಬ್ಲ್ಯಾಕ್ ಸಬ್ಬತ್’ ಹೊರಬಂತು.

ಮೊದಲ ಹಾಡಿನ ಮುಖ್ಯ ಎಳೆಯಲ್ಲಿ ಇರೋದು ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ. ಕಲ್ಯಾಣಿ ರಾಗದಲ್ಲಿ ಅಷ್ಟು ಹಿತವಾಗಿ ಬರೋ ಅದೇ ಪ್ರತಿ ಮಧ್ಯಮ ಇಲ್ಲಿ ಕತ್ತಲೆ ಮನೆಯ ಬಾಗಿಲು ತೆಗೆದ ಹಾಗೆ ಕೇಳುತ್ತೆ. ವಿಮರ್ಶಕರು ಜರೆದರು. ಜನ ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ ಆಲ್ಬಂ 8ನೇ ಸ್ಥಾನಕ್ಕೆ ಹೋಯ್ತು. ಹೆವಿ ಮೆಟಲ್ ಇಲ್ಲಿಂದಲೇ ಶುರು ಅಂತ ಇವತ್ತು ಬಹಳ ಮಂದಿ ಹೇಳ್ತಾರೆ.

ಇನ್ನೊಂದು ಹೆಜ್ಜೆ ಬಾಕಿ ಇತ್ತು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಕೆಲವು ಹಾಡುಗಳಿಗೆ ಟೋನಿ ಗಿಟಾರಿನ ಶ್ರುತಿಯನ್ನೇ ಮೂರು ಸ್ವರಸ್ಥಾನ ಇಳಿಸಿದ. ತಂತಿಯ ಬಿಗಿತ ಶ್ರುತಿಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ ಅನ್ನೋದು ನಾವೆಲ್ಲ ಫಿಸಿಕ್ಸ್‌ನಲ್ಲಿ ಬಾಯಿಪಾಠ ಮಾಡಿದ್ದೇ. ಲೆಕ್ಕ ಹಾಕಿ ನೋಡಿದೆ: ಅದೇ ತಂತಿಗೆ ಮೂರು ಸ್ಥಾನ ಇಳಿಸಿದರೆ ಬಿಗಿತ ಸುಮಾರು 30% ಕಮ್ಮಿ. ಬೆರಳಿಗೆ ಆರಾಮ, ಸದ್ದಿಗೆ ತೂಕ. ಆಮೇಲೆ ಬಂದ ಎಷ್ಟೋ ಮೆಟಲ್ ತಂಡಗಳು, ಹತ್ತು ಬೆರಳೂ ನೆಟ್ಟಗಿದ್ದವರು ಕೂಡ, ಶ್ರುತಿ ಇಳಿಸಿಯೇ ನುಡಿಸಿದರು.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಪಿಯುಸಿ. ಮನೆಯಲ್ಲಿ ಬಿಡಲಿಲ್ಲ, ಅತ್ತಿದ್ದೆ. ಬ್ಲ್ಯಾಕ್ ಸಬ್ಬತ್ 2006ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಾಗ ವೇದಿಕೆ ಮೇಲೆ ನಿಂತು ಗೌರವ ಸಲ್ಲಿಸಿದ್ದು ಇದೇ ಮೆಟಾಲಿಕಾ. ನಾನು ಅತ್ತಿದ್ದ ಆ ಸದ್ದಿನ ಬೇರು ಆ ತಗಡಿನ ಕಾರ್ಖಾನೆವರೆಗೂ ಹೋಗುತ್ತೆ ಅಂತ ಗೊತ್ತಾಗೋಕೆ ನನ್ನ ಬೆರಳೇ ಮುರೀಬೇಕಾಯ್ತು.

ಒಂದು ವಿಷಯ ಹೇಳಿಬಿಡ್ತೀನಿ. ಅಪಘಾತ ಆಗಿದ್ದು ಒಳ್ಳೇದೇ ಆಯ್ತು ಅನ್ನೋ ಮಾತು ನಂಗೆ ಇಷ್ಟವಿಲ್ಲ. ಟೋನಿಗೆ ಬೆರಳು ವಾಪಸ್ ಬರಲಿಲ್ಲ. ಮುಂದೆಯೂ ಬೆರಳಿಗೆ ಆ ಟೋಪಿ ಹಾಕಿಕೊಂಡೇ ನುಡಿಸಿದ. ಮೊದಲಿನ ಕೈ ಬರಲಿ ಅಂತ ಕಾಯುತ್ತಾ ಕೂರದೆ, ಇರೋ ಕೈಗೆ ಗಿಟಾರನ್ನು ಹೊಂದಿಸಿಕೊಂಡ. ನಾನು ಮೂರು ತಿಂಗಳು ಕಾಯ್ತಾ ಕೂತಿದ್ದೆ.

ಮಾರಾಟದ ಫೋಟೋ ಡಿಲೀಟ್ ಮಾಡಿದೆ. ತೆಳು ತಂತಿ ತಂದು ಹಾಕಿ, ಶ್ರುತಿ ಇಳಿಸಿದೆ. ಮೊದಲ ದಿನ ಐದು ನಿಮಿಷ, ಆಮೇಲೆ ಹತ್ತು. ಅಡುಗೆಮನೆಯಿಂದ ಅಮ್ಮ, “ಏನೋ ಅದು, ಮಿಕ್ಸಿ ಕೆಟ್ಟೋದ ಹಾಗೆ ಸದ್ದು!” ಅಂತ ಕೂಗಿದರು. ಬೆರಳು ಈಗಲೂ ಪೂರ್ತಿ ಮಡಚೋದಿಲ್ಲ.

2025ರ ಜುಲೈ 5ರಂದು, ಆಸ್ಟನ್ನಿನ ವಿಲ್ಲಾ ಪಾರ್ಕ್‌ನಲ್ಲಿ, ತಾವು ಬೆಳೆದ ಬೀದಿಗಳ ಪಕ್ಕದಲ್ಲೇ, ಆ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಹಾಡುಗಾರ ಆಝಿ ಆಸ್‌ಬರ್ನ್ ಅದೇ ತಿಂಗಳು 22ಕ್ಕೆ ತೀರಿಕೊಂಡ. ವಿಡಿಯೋದಲ್ಲಿ ನಾನು ನೋಡ್ತಾ ಇದ್ದಿದ್ದು 77 ವರ್ಷದ ಟೋನಿಯ ಬಲಗೈಯನ್ನ. ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ಇಡೀ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ, ಕೆಲಸ ಮುಗಿಸಿ ಬಾ ಅಂತ ಕಳಿಸಿದ ಆ ತಾಯಿಗೆ ಎಷ್ಟು ಸಂಕಟ ಆಗಿರಬೇಕು” ಅಂದ್ರು.

ಇಷ್ಟು ವರ್ಷ ಆ ಆಲ್ಬಂ ಕೇಳಿದ್ದೀನಿ, ನಂಗೆ ಅದು ಹೊಳೆದೇ ಇರಲಿಲ್ಲ.