ಲೆಕ್ಕ ಬದಲಾದಂತೆ ಷಟಲ್ ಆಟ

ಯಲಹಂಕ ಕಡೆಯಿಂದ ಬಾಗಲೂರು ರಸ್ತೆ ಹಿಡಿದು ಬಂದರೆ ಸಾತನೂರಿನಲ್ಲಿ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ ಸಿಗುತ್ತದೆ. ಪ್ರಕಾಶ್ ಪಡುಕೋಣೆ ಅವರ ಬ್ಯಾಡ್ಮಿಂಟನ್ ಅಕಾಡೆಮಿ ಈಗ ಇರುವುದು ಇಲ್ಲೇ. ಇಲ್ಲಿ ಆಡುತ್ತ ಬೆಳೆಯುತ್ತಿರುವ ಮಕ್ಕಳಿಗೆ ಗೊತ್ತಿರುವ ಲೆಕ್ಕ 21ರದ್ದು: ಸರ್ವ್ ಯಾರದ್ದೇ ಇರಲಿ, ರ್‍ಯಾಲಿ ಗೆದ್ದವರಿಗೆ ಅಂಕ. ಪ್ರಕಾಶ್ ಆಡಿದ ಕಾಲದ ಲೆಕ್ಕವೇ ಬೇರೆ.

ಆಗ ಸರ್ವ್ ಮಾಡುವವನಿಗೆ ಮಾತ್ರ ಅಂಕ. ಎದುರಾಳಿ ರ್‍ಯಾಲಿ ಗೆದ್ದರೆ ಅವನಿಗೆ ಸಿಗುತ್ತಿದ್ದುದು ಸರ್ವ್ ಅಷ್ಟೇ. ಪುರುಷರಿಗೆ 15, ಮಹಿಳೆಯರ ಸಿಂಗಲ್ಸ್‌ಗೆ 11. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆ ಇಲ್ಲದ ದಿನಗಳಲ್ಲಿ ಆಡಿ ಕಲಿತ ಪ್ರಕಾಶರ ಮಣಿಕಟ್ಟಿನ ಆಟಕ್ಕೆ ಈ ಲೆಕ್ಕ ಹೇಳಿ ಮಾಡಿಸಿದಂತಿತ್ತು. ಒಂದು ಡ್ರಾಪ್ ನೆಟ್ಟಿಗೆ ಬಡಿದರೆ ಸರ್ವ್ ಹೋಯಿತು, ಅಂಕ ಹೋಗಲಿಲ್ಲ. ಕಾಯಬಹುದಿತ್ತು, ಕಾಯಿಸಬಹುದಿತ್ತು. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಹಾರಿ ಸ್ಮ್ಯಾಷ್ ಬಾರಿಸುವ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಪ್ರಕಾಶ್ 15-3, 15-10ರಿಂದ ಮಣಿಸಿದ್ದು ಅಂಥ ತಾಳ್ಮೆಯಿಂದಲೇ.

ಆ ತಾಳ್ಮೆ ಟಿವಿಯವರಿಗೆ ಮಾತ್ರ ತಲೆನೋವು. ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಹೇಳುವಂತಿರಲಿಲ್ಲ. 1997ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಡೆನ್ಮಾರ್ಕ್‌ನ ಪೀಟರ್ ರಾಸ್‌ಮುಸೆನ್ ಚೀನಾದ ಸುನ್ ಜುನ್ ಅವರನ್ನು ಸೋಲಿಸಲು 124 ನಿಮಿಷ ತೆಗೆದುಕೊಂಡರು. ಕಾಲ್ನಡುಕ ಬರುವವರೆಗೆ ಆಡಿದರೂ ಫಲಕದ ಮೇಲಿನ ಅಂಕ ಅಲುಗುತ್ತಿರಲಿಲ್ಲ.

ಮೊದಲು ಏಳೇಳು ಅಂಕಗಳ ಐದು ಗೇಮ್ ಪ್ರಯೋಗ ನಡೆಯಿತು. ಅದು 2002ಕ್ಕೇ ಕೈಬಿಟ್ಟುಹೋಗಿ ಹಳೆಯ ಲೆಕ್ಕವೇ ಮರಳಿತು. 2006ರಲ್ಲಿ ಬಂದದ್ದು ಇಂದಿನ 21; 20-20 ಆದರೆ ಎರಡು ಅಂಕಗಳ ಅಂತರ ಬೇಕು, 29-29 ಆದರೆ ಮುಂದಿನ ಅಂಕವೇ ಕೊನೆ. ಒಬ್ಬರು 11 ಮುಟ್ಟಿದಾಗ ನೀರು ಕುಡಿಯಲು, ಕೋಚ್ ಮಾತು ಕೇಳಲು ಒಂದು ನಿಮಿಷ.

ಆಟದ ಸ್ವಭಾವವೇ ಬದಲಾಯಿತು. ಸರ್ವ್ ಈಗ ಹಕ್ಕಲ್ಲ, ಹೆಚ್ಚೂಕಡಿಮೆ ಅಪಾಯ. ಮೈ ಬಿಸಿಯಾಗುವ ಮೊದಲೇ ಐದಾರು ಅಂಕ ಕಳೆದುಕೊಂಡವರಿಗೆ ಗೇಮೇ ಕೈಜಾರಬಹುದು. ಆದರೆ ಸಮಯ ಉಳಿಸಲು ಬಂದ ನಿಯಮ ಸಮಯವನ್ನು ಉಳಿಸಿತೇ? 2017ರಲ್ಲಿ ಗ್ಲಾಸ್ಗೋದಲ್ಲಿ ಪಿ.ವಿ. ಸಿಂಧು–ನೊಜೊಮಿ ಒಕುಹಾರಾ ವಿಶ್ವ ಚಾಂಪಿಯನ್‌ಷಿಪ್ ಫೈನಲ್ 110 ನಿಮಿಷ ಎಳೆಯಿತು. ಅದರ ಒಂದೇ ರ್‍ಯಾಲಿಯಲ್ಲಿ 73 ಹೊಡೆತ! ನಿಯಮ ಬರೆಯುವವರು ಆಟಗಾರರ ಫಿಟ್‌ನೆಸ್ಸನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವೇನೋ.

ಸರ್ವ್‌ಗೂ ಕತ್ತರಿ ಬಿತ್ತು. ‘ಸೊಂಟಕ್ಕಿಂತ ಕೆಳಗೆ’ ಎಂಬ ಹಳೆಯ ಮಾತು ಅಂಪೈರ್‌ಗಳಿಗೂ ಆಟಗಾರರಿಗೂ ಜಗಳದ ಮೂಲವಾಗಿತ್ತು. 2018ರಿಂದ ಷಟಲ್‌ಗೆ ರ್‍ಯಾಕೆಟ್ ತಾಗುವಾಗ ಇಡೀ ಷಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಸರ್ವೀಸ್ ಜಡ್ಜ್ ಎದುರಿನ ಪಾರದರ್ಶಕ ಪಟ್ಟಿಯ ಮೇಲೊಂದು ಕಪ್ಪು ಗೆರೆ. ಅದರ ಮೂಲಕ ನೋಡಿ ತೀರ್ಪು. ವಿವಾದ ತಗ್ಗಿತು, ನಿಜ. ಆದರೆ ಆರೂಕಾಲು ಅಡಿಯವನಿಗೂ ಐದೂವರೆ ಅಡಿಯವನಿಗೂ ಒಂದೇ ಗೆರೆ. ಎತ್ತರದವರು ಮಂಡಿ ಬಗ್ಗಿಸಿ ಸರ್ವ್ ಮಾಡುವುದನ್ನು ಹೊಸದಾಗಿ ರೂಢಿಸಿಕೊಳ್ಳಬೇಕಾಯಿತು. 2023ರಲ್ಲಿ ಬೆರಳಿನಿಂದ ಷಟಲ್ ತಿರುಗಿಸಿ ಮಾಡುವ ಸ್ಪಿನ್ ಸರ್ವ್ ಹುಟ್ಟಿತು, ಅದೇ ವರ್ಷ ನಿಷೇಧವೂ ಬಂತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಕಾಶ್ ಮೆಂಟರ್ ಆಗಿ ಕೋರ್ಟ್ ಬದಿಯಲ್ಲಿ ಕೂತಿದ್ದರು. ಸೆಮಿಫೈನಲ್‌ನ ಮೊದಲ ಗೇಮ್‌ನಲ್ಲಿ ಅವರದೇ ಅಕಾಡೆಮಿಯ ಲಕ್ಷ್ಯ ಸೇನ್, ವಿಕ್ಟರ್ ಅಕ್ಸೆಲ್‌ಸನ್ ವಿರುದ್ಧ 20-17ರಿಂದ ಮುಂದಿದ್ದರು. ಆ ಗೇಮ್ 20-22ರಿಂದ ಹೋಯಿತು. ಎರಡನೆಯದರಲ್ಲಿ 7-0 ಮುನ್ನಡೆ, ಕೊನೆಗೆ 14-21. ಹಳೆಯ ಲೆಕ್ಕದಲ್ಲಿ ಎದುರಾಳಿ ಅಂಕ ಗಳಿಸಲು ಮೊದಲು ಸರ್ವ್ ಕಿತ್ತುಕೊಳ್ಳಬೇಕಿತ್ತು. ಮುಂದಿರುವವರಿಗೆ ಅಷ್ಟಾದರೂ ಉಸಿರು ಸಿಗುತ್ತಿತ್ತು.

ಕ್ವಾಲಾಲಂಪುರದ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್‌ಗೆ 21 ಕೂಡ ಉದ್ದವೆನಿಸಿದೆ. 11 ಅಂಕಗಳ ಐದು ಗೇಮ್ ಪ್ರಸ್ತಾವ 2018ರಲ್ಲಿ ಮೂರನೇ ಎರಡರ ಬಹುಮತ ಸಿಗದೆ ಬಿತ್ತು. 2021ರಲ್ಲಿ ಮತ್ತೆ ಬಿತ್ತು, ಅದೂ ಕೂದಲೆಳೆಯಲ್ಲಿ: ಶೇಕಡಾ 66.31 ಮತ. 2025ರಲ್ಲಿ 15 ಅಂಕಗಳ ಮೂರು ಗೇಮ್‌ಗಳನ್ನು ಕೆಲವು ಟೂರ್ನಿಗಳಲ್ಲಿ ಆಡಿಸಿ ನೋಡಿತು. ಸಂಖ್ಯೆ ಪ್ರಕಾಶರ ಕಾಲದ್ದೇ, ಅಂಕ ಕೊಡುವ ಬಗೆ ಮಾತ್ರ ಇಂದಿನದು. ಆ ಲೆಕ್ಕದಲ್ಲಿ ನಿಧಾನವಾಗಿ ಕುದುರಿಕೊಳ್ಳುವ ಆಟಗಾರನಿಗೆ ಕಷ್ಟ. ಕೋಚ್‌ಗಳು ಮೊದಲ ಸರ್ವ್‌ನಿಂದಲೇ ಮುನ್ನುಗ್ಗುವುದನ್ನು ಕಲಿಸಬೇಕಾಗುತ್ತದೆ.