ಲೋಹಪುಡಿಯ ಬಿಡಿಭಾಗಗಳ ಯಂತ್ರಗೆಲಸ: ದರ ಒಪ್ಪುವ ಮುನ್ನ

ಕಬ್ಬಿಣದ ಪುಡಿಗೆ ತಾಮ್ರ ಹಾಗೂ ಗ್ರಾಫೈಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1120 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಕಬ್ಬಿಣದ ಕಣಗಳು ಕರಗದೆಯೇ ಬೆಸೆದುಕೊಳ್ಳುವಂತೆ ಮಾಡುವ ವಿಧಾನವೇ ಸಿಂಟರಿಂಗ್. ಗೇರ್, ಸ್ಪ್ರಾಕೆಟ್, ಬುಷ್ ಮೊದಲಾದವು ಹೀಗೆ ಬಹುಮಟ್ಟಿಗೆ ಅಂತಿಮ ಆಕಾರದಲ್ಲಿಯೇ ದೊರೆಯುತ್ತವೆ. ಆದರೆ ಅಡ್ಡರಂಧ್ರ, ಥ್ರೆಡ್ ಹಾಗೂ ಪಕ್ಕದ ಗ್ರೂವ್‌ಗಳನ್ನು ಅಚ್ಚಿನಲ್ಲಿ ಮೂಡಿಸಲಾಗದು. ಈ ಕೆಲಸ ಜಾಬ್ ವರ್ಕ್ ರೂಪದಲ್ಲಿ ಸಣ್ಣ ಘಟಕಗಳಿಗೆ ಬರುತ್ತದೆ.

ಇಂತಹ ಕೆಲಸಕ್ಕೆ ಸಾಧಾರಣ ಉಕ್ಕಿನ ಲೆಕ್ಕದಲ್ಲಿಯೇ ದರ ಒಪ್ಪಿದರೆ ನಷ್ಟ ಸಂಭವಿಸಬಹುದು. ಗಟ್ಟಿ ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ; ಸಿಂಟರ್ ಮಾಡಿದ ಉಕ್ಕಿನದು ಸಾಮಾನ್ಯವಾಗಿ 6.4ರಿಂದ 7.2 ಗ್ರಾಂ. ಈ ಅಂತರಕ್ಕೆ ಒಳಗಿನ ಸೂಕ್ಷ್ಮ ರಂಧ್ರಗಳು ಕಾರಣ. ರಾಕ್‌ವೆಲ್ ಪರೀಕ್ಷೆಯ ಮೊನೆ ಲೋಹವನ್ನೂ ರಂಧ್ರಗಳನ್ನೂ ಒಟ್ಟಿಗೆ ಒತ್ತುವುದರಿಂದ ಗಡಸುತನ ಕಡಿಮೆಯೆಂದು ಕಾಣುತ್ತದೆ. ಕತ್ತರಿಸುವ ಟೂಲ್‌ಗೆ ಎದುರಾಗುವುದು ಅದಕ್ಕಿಂತ ಗಡಸಾದ ಕಣಗಳು. ರಂಧ್ರದಿಂದ ಲೋಹಕ್ಕೆ ಮತ್ತೆ ಮತ್ತೆ ಪ್ರವೇಶಿಸುವಾಗ ಟೂಲ್‌ನ ಅಂಚಿಗೆ ಸಣ್ಣ ಪೆಟ್ಟುಗಳು ಬೀಳುತ್ತವೆ. ರಂಧ್ರಗಳಿರುವ ಲೋಹದಲ್ಲಿ ಶಾಖವೂ ನಿಧಾನವಾಗಿ ಹರಿಯುವುದರಿಂದ ಅಂಚು ಬೇಗ ಸವೆಯುತ್ತದೆ.

ಪುಡಿಯಲ್ಲಿಯೇ ಶೇಕಡಾ ಅರ್ಧದಷ್ಟು ಮ್ಯಾಂಗನೀಸ್ ಸಲ್ಫೈಡ್ ಬೆರೆಸಿದರೆ ಕತ್ತರಿಸುವುದು ಸುಲಭವಾಗುತ್ತದೆ. ಆದರೆ ಇದನ್ನು ಭಾಗ ತಯಾರಿಸುವವರು ಮೊದಲೇ ನಿರ್ಧರಿಸಬೇಕು. ಶಾಖೋಪಚಾರದಿಂದ ಗಡಸುಗೊಳಿಸಿದ ಭಾಗಗಳಿಗೆ ಕ್ಯೂಬಿಕ್ ಬೋರಾನ್ ನೈಟ್ರೈಡ್ ಟೂಲ್‌ಗಳು ಸೂಕ್ತ. ಅವುಗಳ ಬೆಲೆ ಹೆಚ್ಚಾದರೂ ಟೂಲ್ ಬದಲಿಸುವ ಸಮಯ ಉಳಿಯುತ್ತದೆ.

ಇನ್ನೊಂದು ಅಪಾಯ ತುಕ್ಕಿನದು. ನೀರು ಬೆರೆಸಿದ ಕೂಲೆಂಟ್ ರಂಧ್ರಗಳೊಳಗೆ ಇಂಗುತ್ತದೆ. ಮೇಲ್ಮೈ ಒರೆಸಿದರೂ ಒಳಗಿನ ತೇವ ಉಳಿಯುತ್ತದೆ. ರವಾನೆಯಾದ ಬಳಿಕ ತುಕ್ಕು ಕಾಣಿಸಿಕೊಂಡರೆ ಸರಕು ತಿರಸ್ಕೃತವಾಗಬಹುದು. ಆದ್ದರಿಂದ ಕೂಲೆಂಟ್ ಇಲ್ಲದೆ, ಗಾಳಿಯ ಒತ್ತಡದಿಂದ ಚೂರುಗಳನ್ನು ತೆಗೆಯುತ್ತ ಕತ್ತರಿಸುವುದು ಸುರಕ್ಷಿತ. ರಂಧ್ರಗಳಿಗೆ ಮೊದಲೇ ರಾಳ ತುಂಬಿಸಿದರೆ ತೇವ ಒಳಸೇರದು. ಟೂಲ್‌ನ ಬಾಳಿಕೆಯೂ ಹೆಚ್ಚುತ್ತದೆ.

ಎಣ್ಣೆ ಹಿಡಿದಿಡುವ ಬುಷ್‌ಗಳಿಗೆ ಈ ಉಪಾಯ ಸಲ್ಲದು. ಅಲ್ಲಿ ತೆರೆದ ರಂಧ್ರಗಳೇ ಎಣ್ಣೆಯ ಭಂಡಾರ. ಮೊಂಡಾದ ಟೂಲ್ ಲೋಹವನ್ನು ಸವರಿ ರಂಧ್ರಗಳ ಬಾಯಿ ಮುಚ್ಚಿದರೆ, ಅಳತೆ ಸರಿಯಿದ್ದರೂ ಬುಷ್ ನಿಷ್ಪ್ರಯೋಜಕ. ಹರಿತವಾದ ಟೂಲ್ ಬಳಸಿ ತೆಳುವಾಗಿ ಕತ್ತರಿಸಬೇಕು, ಗ್ರೈಂಡಿಂಗ್ ಮಾಡಬಾರದು.

ಆದುದರಿಂದ ನಕ್ಷೆಯಷ್ಟನ್ನೇ ನೋಡಿ ದರ ತಿಳಿಸದೆ, ಭಾಗದ ಸಾಂದ್ರತೆ, ಬೆರೆಸಿದ ವಸ್ತುಗಳು, ಶಾಖೋಪಚಾರದ ಹಂತ ಮತ್ತು ರಂಧ್ರಗಳ ಸ್ಥಿತಿ, ಈ ನಾಲ್ಕು ವಿವರಗಳನ್ನು ಗ್ರಾಹಕರಿಂದ ಲಿಖಿತವಾಗಿ ಪಡೆಯುವುದು ಹಿತಕರ. ಮಾದರಿ ಭಾಗಗಳ ಮೇಲೆ ಟೂಲ್‌ನ ಬಾಳಿಕೆಯನ್ನು ಪರೀಕ್ಷಿಸಿದ ನಂತರವೇ ಅಂತಿಮ ದರ ಒಪ್ಪುವುದು ಲೇಸು.